ಏಳು ಒಣ ಬಾಗಿನ

ಕೂತುಕೊಳ್ಳಿ, ಕೂತುಕೊಳ್ಳಿ. ಗುಡುಗಿದ್ದು ನನಗೂ ಕೇಳಿಸಿತು. ಮೂರನೇ ಸಾಲಿನಲ್ಲಿ ಇಬ್ಬರು ಆಗಲೇ ಕಿಟಕಿ ನೋಡಿದಿರಿ, ಕಂಬದ ಪಕ್ಕದ ತಾಯಿ ಬಾಗಿಲು ನೋಡಿದಿರಿ. ಯಾಕೆ ಅಂತ ಗೊತ್ತು. ಚಪ್ಪಲಿ ಹೊರಗೆ ಬಿಟ್ಟಿದ್ದೀರಿ. ಬಿಡುವಾಗ ಬಿಸಿಲಿತ್ತು, ಇನ್ನೂ ಮುಕ್ಕಾಲು ಗಂಟೆ ಆಗಿಲ್ಲ. ಈಗ ನಿಮ್ಮ ದೇಹ ಇಲ್ಲಿದೆ, ಮನಸ್ಸು ಚಪ್ಪಲಿಯ ಹತ್ತಿರ ಇದೆ. ಇರಲಿ. ಅದನ್ನೂ ಒಳಗೆ ಕರೆಯಿರಿ, ಜಾಗ ಇದೆ.

ಈ ಊರಿನ ಹವೆಯ ಮೇಲೆ ನನಗೆ ದೂರಿಲ್ಲ. ಬೆಳಿಗ್ಗೆ ಶಾಲು, ಮಧ್ಯಾಹ್ನ ಬೀಸಣಿಗೆ, ಸಾಯಂಕಾಲ ಕೊಡೆ. ವರ್ಷಕ್ಕೆ ಹಂಚಬೇಕಾದ ಮೂರು ಕಾಲವನ್ನು ಭಗವಂತ ನಮಗೆ ಒಂದೇ ದಿನದಲ್ಲಿ ಕೊಟ್ಟು ಮುಗಿಸುತ್ತಾನೆ. ಅವನಿಗೆ ನಮ್ಮ ಮೇಲೆ ಅಷ್ಟು ಪ್ರೀತಿ. ದೂರು ಇರುವುದು ನಮ್ಮ ಮೇಲೆ. ಅದಕ್ಕೊಂದು ಕಥೆ ಇದೆ, ಹೇಳುತ್ತೇನೆ. ಆ ಫ್ಯಾನು ಸ್ವಲ್ಪ ಆರಿಸಪ್ಪಾ, ಇನ್ನು ಹತ್ತು ನಿಮಿಷಕ್ಕೆ ಅದು ಬೇಕಾಗುವುದಿಲ್ಲ.

ಇಂಥದೇ ಒಂದು ಊರು. ಅಲ್ಲೊಬ್ಬ ಸಾಹುಕಾರ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ 'ಸದ್ಯ, ನಾನಲ್ಲ' ಅಂದುಕೊಂಡು ಗೋಡೆಗೆ ಒರಗಿ ಕೂರುತ್ತೀರಿ. ಅವನಿಗೊಬ್ಬಳು ತಂಗಿ. ಅವಳ ಹೆಸರು ಅಂಬುಜಾಕ್ಷಿ. ತಂಗಿಗೆ ಹೆಸರು ಯಾಕೆ ಬಂತು ಅಂದರೆ, ಕಥೆಯಲ್ಲಿ ಮುಂದೆ ಒಂದು ಬಾಗಿಲಲ್ಲಿ ನಿಂತು ಅವಳ ಹೆಸರು ಹೇಳಿ ಕೇಳಬೇಕಾಗುತ್ತದೆ.

ಸಾಹುಕಾರನದು ಪೇಟೆಯಲ್ಲಿ ದೊಡ್ಡ ಅಂಗಡಿ. ಏನು ಅಂಗಡಿ? ಕೊಡೆ, ಸ್ವೆಟರು, ಟೋಪಿ. ಬೆಳಿಗ್ಗೆ ಬಾಗಿಲು ತೆರೆದರೆ ಸ್ವೆಟರು ಮುಂದೆ. ಹನ್ನೊಂದು ಗಂಟೆಗೆ ಸ್ವೆಟರು ಒಳಗೆ, ಟೋಪಿ ಮುಂದೆ. ಮೂರು ಗಂಟೆಗೆ ಟೋಪಿ ಒಳಗೆ, ಕೊಡೆ ಮುಂದೆ. ಆಕಾಶ ನೋಡಿ ಮಾಲು ಜೋಡಿಸುವುದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಮಳೆ ಬಂದು ಜನ ಅಂಗಡಿಯ ಸೂರಿನ ಕೆಳಗೆ ನಿಂತರೆ ಸಾಕು, ಗಲ್ಲಾದ ಹಿಂದಿನಿಂದ ಒಂದು ಮಾತು ಬರುತ್ತಿತ್ತು. "ಮಳೆ ನಿಲ್ಲಲಿ ಅಂತ ನಿಂತ್ರೆ ಈ ಊರಲ್ಲಿ ಆಗೋ ಹೋಗೋ ಕೆಲಸನಾ ಸ್ವಾಮಿ? ಕೊಡೆ ಬಿಚ್ಚಿ, ಹೊರಡ್ತಾ ಇರಿ." ಮೂವತ್ತು ವರ್ಷ ಇದೊಂದೇ ಮಾತು. ಈ ಮಾತಿನಿಂದಲೇ ಅವನು ಎರಡು ಮಹಡಿ ಕಟ್ಟಿಸಿದ. ಎಷ್ಟು ಒಳ್ಳೆಯ ಮಾತು ನೋಡಿ! ಕೇಳಿದವರೆಲ್ಲ ಹೊರಟರು. ಹೇಳಿದವನು ಮಾತ್ರ ಹೊರಡಲಿಲ್ಲ.

ಎಲ್ಲಿಗೆ ಹೊರಡಲಿಲ್ಲ? ತಂಗಿಯ ಮನೆಗೆ.

ಗೌರಿ ಹಬ್ಬ ಬರುವುದು ಯಾವಾಗ? ಮಳೆಗಾಲದಲ್ಲಿ. ಆ ದಿನ ತವರಿನಿಂದ ಹೆಣ್ಣುಮಗಳಿಗೆ ಬಾಗಿನ ಹೋಗಬೇಕು. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಸಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟು, ಮೇಲೊಂದು ಮೊರ ಮುಚ್ಚಿ, ದಾರ ಕಟ್ಟಿ. ನಿಮಗೆಲ್ಲ ಗೊತ್ತಿರುವುದೇ. ಇವರ ಅಪ್ಪ ಅಮ್ಮ ತೀರಿಹೋಗಿದ್ದರು. ಅಂದರೆ ಅಂಬುಜಾಕ್ಷಿಗೆ ತವರು ಅಂದರೆ ಈ ಅಣ್ಣ ಒಬ್ಬನೇ. ಅವನು ಊರಿನ ದಕ್ಷಿಣದ ತುದಿ, ಅವಳು ಉತ್ತರದ ತುದಿ. ಹಬ್ಬದ ದಿನ ಬೆಳಿಗ್ಗೆ ಅಣ್ಣ ಫೋನು ಮಾಡುತ್ತಿದ್ದ.

"ಅಂಬು, ನಿಮ್ ಕಡೆ ಹೇಗಿದೆ?"

"ಬಿಸಿಲಿದೆ ಅಣ್ಣ. ಬಾ."

"ಇಲ್ಲಿ ಮೋಡ ಕಟ್ಟಿದೆ ಕಣಮ್ಮ. ನೋಡ್ಕೊಂಡು ಹೊರಡ್ತೀನಿ."

ಮಧ್ಯಾಹ್ನ ಇನ್ನೊಂದು ಫೋನು. "ಇಲ್ಲಿ ಬಿಸಿಲು ಬಂತು. ನಿಮ್ ಕಡೆ?"

"ಈಗ ತಾನೇ ಶುರುವಾಯ್ತು."

"ಹಾಗಾದ್ರೆ ನಿಲ್ಲಲಿ ಇರು."

ಐದು ಗಂಟೆಗೆ ಬಾಗಿನವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಾರಿನಲ್ಲಿಟ್ಟು, ಡ್ರೈವರ್ ಪುಟ್ಟಮಾದಯ್ಯನ ಕೈಯಲ್ಲಿ ಕಳಿಸುತ್ತಿದ್ದ. ಕಾರಿದೆಯಲ್ಲ, ಕಾರಿನೊಳಗೆ ಮಳೆ ಬರುತ್ತದೆಯೇ ಎಂದು ನೀವು ಕೇಳುತ್ತೀರಿ. ನಾನೂ ಕೇಳುತ್ತೇನೆ. ಅವನನ್ನು ಕೇಳಿದರೆ, ಮಳೆಯ ದಿನ ಕೊಡೆ ಅಂಗಡಿ ಬಿಟ್ಟು ಹೋಗುವುದು ಹೇಗೆ ಎನ್ನುತ್ತಿದ್ದ. ಸರಿ, ಬಿಸಿಲಿನ ದಿನ ಹೋಗಬಹುದಲ್ಲ? ಬಿಸಿಲಿನ ದಿನ ಟೋಪಿ ಇರುತ್ತಿತ್ತು.

ಹೀಗೆ ಏಳು ವರ್ಷ ನಡೆಯಿತು. ಏಳು ವರ್ಷ ಬಾಗಿನ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಒಂದು ಹನಿ ಬೀಳದಂತೆ ಹೋಗಿ ಮುಟ್ಟಿತು. ಅಣ್ಣ ಮುಟ್ಟಲಿಲ್ಲ. ನಡುವೆ ತಂಗಿ ಫೋನು ಮಾಡಿದರೂ ಅಣ್ಣನ ಮಾತು ನಿಮ್ಮ ಕಡೆ ಮಳೆಯೇ, ನಮ್ಮ ಕಡೆ ಬಿಸಿಲು, ಅಷ್ಟೇ. ಒಮ್ಮೆ ಅವಳು, "ಅಣ್ಣ, ನಾವು ಮನೆ ಬದಲಾಯಿಸಿದ್ವಿ" ಎಂದಳು. ಅದಕ್ಕೆ ಅವನು ಏನು ಕೇಳಿದ ಗೊತ್ತೇ? "ಮಳೇಲಿ ಸಾಗಿಸಿದ್ರಾ? ಸಾಮಾನು ನೆನೀಲಿಲ್ಲ ತಾನೆ?" ಇಲ್ಲ ಎಂದಳು. "ಸದ್ಯ" ಎಂದ. ಫೋನು ಇಟ್ಟ. ಒಡಹುಟ್ಟಿದವರು ಏಳು ವರ್ಷ ಮಾತಾಡಿದರು, ಒಂದು ರೇಡಿಯೋ ಇನ್ನೊಂದು ರೇಡಿಯೋ ಜೊತೆ ಮಾತಾಡಿದ ಹಾಗೆ.

ಇತ್ತ ಪುಟ್ಟಮಾದಯ್ಯನ ಸಂಗತಿ. ತವರಿನ ಬಾಗಿನ ತಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಪದ್ಧತಿ ಇಲ್ಲ. ಅಂಬುಜಾಕ್ಷಿ ಪ್ರತಿ ವರ್ಷ ಅಣ್ಣನಿಗೆಂದು ಎಲೆ ಹಾಕಿ ಕಾಯುತ್ತಿದ್ದಳು. ಆ ಎಲೆಯಲ್ಲಿ ಪ್ರತಿ ವರ್ಷ ಪುಟ್ಟಮಾದಯ್ಯ ಒಬ್ಬಟ್ಟು ತಿನ್ನುತ್ತಿದ್ದ. ಅವನಿಗೂ ಐವತ್ತು ದಾಟಿತ್ತು, ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದ. ಅವಳು ಬಡಿಸುತ್ತಾ ಕೇಳುತ್ತಿದ್ದಳು, "ಅಣ್ಣ ಯಾಕೆ ಬರ್ಲಿಲ್ಲ?" ಅವನು ಹೇಳುತ್ತಿದ್ದ, "ಮಳೆ ಅಕ್ಕಾವ್ರೇ." ಹೊರಗೆ ಎಳೆಬಿಸಿಲು ಇದ್ದಾಗಲೂ ಹಾಗೆಯೇ ಹೇಳಬೇಕಾಗಿತ್ತು, ಪಾಪ.

ಎಂಟನೇ ವರ್ಷ ಹಬ್ಬದ ಹಿಂದಿನ ದಿನ ತಂಗಿಯೇ ಫೋನು ಮಾಡಿದಳು.

"ಅಣ್ಣ, ಈ ಸಲ ನೀನೇ ಬರ್ಬೇಕು. ದೀಪ ಹಚ್ಚೋ ಹೊತ್ತಿನೊಳಗೆ ಬರ್ಬೇಕು. ಬೇರೆಯವರ ಕೈಲಿ ಕಳಿಸಿದ್ರೆ ನಾನು ಮೊರ ಮುಟ್ಟಲ್ಲ. ಕಟ್ಟಿದ್ದು ಕಟ್ಟಿದ ಹಾಗೇ ವಾಪಸ್ ಬರುತ್ತೆ. ನಂಗೆ ತವರು ಮುಗೀತು ಅಂದ್ಕೋತೀನಿ."

ಸಾಹುಕಾರನಿಗೆ ಎದೆ ಧಸಕ್ಕೆಂದಿತು. ಬಾಗಿನ ವಾಪಸ್ ಬರುವುದು ಅಂದರೆ ಸಾಮಾನ್ಯವೇ? ಹೆಣ್ಣುಮಗಳು ತವರಿಗೆ ಎಳ್ಳು ನೀರು ಬಿಟ್ಟ ಹಾಗೆ. ಅವನಿಗೆ ಇರುವವಳು ಒಬ್ಬಳೇ ತಂಗಿ, ಚಿಕ್ಕವಳಿದ್ದಾಗ ಇವನೇ ಎತ್ತಿ ಆಡಿಸಿದವಳು. ಏನಾದರೂ ಹೇಳಬೇಕು ಅನ್ನಿಸಿತು. ಬಾಯಿಂದ ಬಂದದ್ದು ಇಷ್ಟೇ. "ಆಯ್ತಮ್ಮ. ಮಳೆ ಹೇಗಿದ್ಯೋ ನೋಡೋಣ."

ನಗಬೇಡಿ. ನಿಮ್ಮ ಬಾಯಿಂದಲೂ ಅದೇ ಬರುತ್ತಿತ್ತು.

ಫೋನು ಇಟ್ಟು ತಿರುಗಿದರೆ ಪುಟ್ಟಮಾದಯ್ಯ ಕೈ ಕಟ್ಟಿಕೊಂಡು ನಿಂತಿದ್ದಾನೆ. "ಸಾರ್, ನಾಳೆ ರಜ ಬೇಕಿತ್ತು."

"ಹಬ್ಬದ ದಿನಾನೇ? ಏನಯ್ಯಾ ಅಂಥ ಕೆಲಸ?"

"ನಂಗೂ ಒಬ್ಳು ತಂಗಿ ಅವ್ಳೆ ಸಾರ್, ಮಾಗಡಿ ಕಡೆ. ಏಳು ವರ್ಷ ನಿಮ್ಮ ತಂಗೀಗೆ ಬಾಗಿನ ಕೊಟ್ಟೆ. ಈ ವರ್ಷ ನನ್ನ ತಂಗೀಗೆ ಕೊಟ್ಟು ಬತ್ತೀನಿ."

ಸಾಹುಕಾರ ಬೆರಳು ಮಡಿಸಿ ಲೆಕ್ಕ ಹಾಕಿದ. ಏಳು ವರ್ಷ ಇವನು ಮಳೆಗೆ ಹೆದರಿ ಕೂತದ್ದಕ್ಕೆ ಮಾಗಡಿ ಕಡೆಯ ಒಬ್ಬ ಹೆಣ್ಣುಮಗಳೂ ಬಾಗಿಲು ನೋಡುತ್ತಾ ಕೂತಿದ್ದಳು. ನಮ್ಮ ಸೋಮಾರಿತನದ ಬಿಲ್ ಯಾವ ಯಾವ ಮನೆಗೆ ಹೋಗಿ ಬೀಳುತ್ತದೆ ನೋಡಿ! ಅವನು ರಜ ಕೊಟ್ಟ.

ಹಬ್ಬದ ದಿನ ಬೆಳಗಾಯಿತು. ಚೊಕ್ಕ ಬಿಸಿಲು. ಹೊರಡಬಹುದಿತ್ತು. ಆದರೆ ಅಭ್ಯಾಸ ಬಿಡಬೇಕಲ್ಲ? ಫೋನಿನಲ್ಲಿ ಹವೆ ಹೇಳುವ ಆ್ಯಪು ಮೂರಿದ್ದವು. ಒಂದು ಮಳೆ ಬರುತ್ತದೆ ಎಂದಿತು. ಒಂದು ಬರುವುದಿಲ್ಲ ಎಂದಿತು. ಮೂರನೆಯದು ಬಂದರೂ ಬರಬಹುದು ಎಂದಿತು. ಅವನು ಮೂರನ್ನೂ ನಂಬಿ ಮಧ್ಯಾಹ್ನದವರೆಗೆ ಕೂತ. ಎರಡು ಗಂಟೆಗೆ ಹೆಂಡತಿ ಕಟ್ಟಿದ ಮೊರ ತಂದು ಅವನ ಮುಂದೆ ಇಟ್ಟಳು.

"ಏಳ್ತೀರೋ ಇಲ್ವೋ?"

"ನೈರುತ್ಯದಲ್ಲಿ ಸ್ವಲ್ಪ ಕಪ್ಪಿದೆ ಕಣೇ."

"ನಮ್ಮಣ್ಣ ಈಗ ಬರ್ತಾನೆ ನೋಡಿ, ಸ್ಕೂಟರ್‌ನಲ್ಲಿ. ಅವನ ನೈರುತ್ಯದಲ್ಲೂ ಕಪ್ಪಿರುತ್ತೆ. ಎದ್ದೇಳಿ."

ಎದ್ದ. ಕಾರು ಓಡಿಸಲು ಬರುತ್ತಿರಲಿಲ್ಲ, ಆಟೋ ಹತ್ತಿದ. ತಂಗಿಯ ಮದುವೆಯಾದ ಹೊಸತರಲ್ಲಿ ಹೋಗಿದ್ದ ಬೀದಿ ನೆನಪಿತ್ತು, ಆ ಹೆಸರೇ ಹೇಳಿದ. ಮನೆ ಬದಲಾದದ್ದು ಮರೆತೇ ಹೋಗಿತ್ತು. ಅರ್ಧ ದಾರಿಗೆ ಆಕಾಶ ಬಾಣಲೆಯ ತಳದ ಹಾಗೆ ಕಪ್ಪಾಯಿತು. ಆ ಬೀದಿಯ ಬಾಯಿಗೆ ಬಂದರೆ ಮರುದಿನದ ಗಣೇಶನಿಗೆ ಪೆಂಡಾಲು ಕಟ್ಟಿ ರಸ್ತೆ ಮುಚ್ಚಿದ್ದಾರೆ. ಆಟೋದವನು, "ಇಲ್ಲೇ ಇಳ್ಕೊಳ್ಳಿ ಯಜಮಾನ್ರೇ, ಮುಂದಕ್ಕೆ ಹೋಗಲ್ಲ" ಎಂದ. ಇಳಿದ. ಇಳಿದದ್ದೇ ತಡ, ಧೋ ಎಂದು ಸುರಿಯಿತು.

ಸಾಹುಕಾರ ಓಡಿ ಒಂದು ಬೇಕರಿಯ ಸೂರಿನ ಕೆಳಗೆ ನಿಂತ. ಅಲ್ಲಿ ಹತ್ತು ಜನ ಆಗಲೇ ನಿಂತಿದ್ದರು. ಪಕ್ಕದವನು, "ನಿಲ್ಲುತ್ತೆ ಬಿಡಿ, ಹತ್ತು ನಿಮಿಷ" ಎಂದ. ಹತ್ತು ನಿಮಿಷವಾಯಿತು. "ಇನ್ನೊಂದು ಹತ್ತು ನಿಮಿಷ" ಎಂದ. ಸಾಹುಕಾರ ಗಡಿಯಾರ ನೋಡಿದ, ಐದು ಗಂಟೆ. ಮೂವತ್ತು ವರ್ಷ ಸೂರಿನ ಕೆಳಗೆ ನಿಂತವರನ್ನು ಗಲ್ಲಾದ ಹಿಂದಿನಿಂದ ನೋಡಿದ್ದವನು, ಮೊದಲ ಸಲ ತಾನೇ ಸೂರಿನ ಕೆಳಗೆ ನಿಂತಿದ್ದ. ತನ್ನ ಮಾತೇ ತನಗೆ ಕೇಳಿಸಿತು. ಕೊಡೆ ಬಿಚ್ಚಿ, ಹೊರಡ್ತಾ ಇರಿ. ಅವನಿಗೆ ನಾಚಿಕೆಯಾಯಿತು. ಹೊರಡುವಾಗ ಹೆಂಡತಿ ಅವನ ಕೈಗೆ ತೂಗುಹಾಕಿದ್ದ ಕೊಡೆ ಬಿಚ್ಚಿದ.

ಈಗ ಒಂದು ಲೆಕ್ಕ ನೋಡಿ. ಬಾಗಿನದ ಮೊರ ಹಿಡಿಯಲು ಎರಡು ಕೈ ಬೇಕು. ಕೊಡೆ ಹಿಡಿಯಲು ಒಂದು ಕೈ ಬೇಕು. ದೇವರು ಕೊಟ್ಟಿರುವುದು ಎರಡು. ಸಾಹುಕಾರ ಕೊಡೆಯನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನಡೆದ. ಮೊದಲನೇ ಗಾಳಿಗೆ ಕೊಡೆ ಮಗುಚಿಕೊಂಡಿತು. ಅವನ ಅಂಗಡಿಯದೇ ಮಾಲು, ಎರಡು ವರ್ಷ ಗ್ಯಾರಂಟಿ ಎಂದು ಹೇಳಿ ಮಾರುವುದು. ಅದನ್ನು ಅಲ್ಲೇ ಒಂದು ಕಂಬಕ್ಕೆ ಒರಗಿಸಿ ಮುಂದೆ ಹೋದ. ಪ್ಲಾಸ್ಟಿಕ್ ಸುತ್ತಿದ್ದರಲ್ಲ ಎನ್ನುತ್ತೀರಾ? ಪ್ಲಾಸ್ಟಿಕ್ ಸುತ್ತುತ್ತಿದ್ದದ್ದು ಪುಟ್ಟಮಾದಯ್ಯ.

ಮನೆ ಸಿಕ್ಕಿತು. ಅದೇ ಮೂರು ಮೆಟ್ಟಿಲು, ಅದೇ ಕಾಂಪೌಂಡು. ಬೆಲ್ಲು ಒತ್ತಿದ. ಬಾಗಿಲು ತೆರೆದವಳು ಯಾರೋ ಬೇರೆ ಹೆಂಗಸು, ಹೊಸ ಸೀರೆ ಉಟ್ಟಿದ್ದಾಳೆ. ಅವಳು ಇವನ ಕೈಯಲ್ಲಿದ್ದ ಮೊರ ನೋಡಿ, "ನಮ್ಮ ತವರಿಂದ ಬೆಳಿಗ್ಗೆನೇ ಬಂದು ಕೊಟ್ಟು ಹೋದ್ರಲ್ಲ" ಎಂದಳು.

"ಇದು ಅಂಬುಜಾಕ್ಷಿ ಮನೆ ಅಲ್ವಾ?"

"ಮೊದ್ಲಿದ್ದೋರಾ? ಅವರು ಖಾಲಿ ಮಾಡಿ ಎರಡು ವರ್ಷ ಆಯ್ತಲ್ಲ. ಎಲ್ಲಿಗೆ ಹೋದ್ರೋ ಗೊತ್ತಿಲ್ಲ." ಆಮೇಲೆ ಕನಿಕರದಿಂದಲೇ ಕೇಳಿದಳು, "ನೀವು ಅವರಿಗೆ ಏನಾಗ್ಬೇಕು?"

ಆಗ ನೆನಪಾಯಿತು ಅವನಿಗೆ. ಅಣ್ಣ, ನಾವು ಮನೆ ಬದಲಾಯಿಸಿದ್ವಿ. ಸಾಮಾನು ನೆನೀಲಿಲ್ಲ ತಾನೆ?

ನೀವು ಅವರಿಗೆ ಏನಾಗಬೇಕು? ಎಷ್ಟು ಸಣ್ಣ ಪ್ರಶ್ನೆ! ಎರಡಕ್ಷರದ ಉತ್ತರ. ಅಣ್ಣ. ಆದರೆ ತಂಗಿ ಇರುವ ಮನೆ ಗೊತ್ತಿಲ್ಲದವನು ಬಾಗಿನ ಹಿಡಿದುಕೊಂಡು 'ಅಣ್ಣ' ಎಂದು ಯಾವ ಬಾಯಿಂದ ಹೇಳುವುದು? ಅವನು ಹೇಳಿದ, "ಪರಿಚಯದವರು."

ಕೇಳಿದಿರಾ? ಬೆನ್ನಿಗೆ ಬಿದ್ದ ತಂಗಿಗೆ ಅಣ್ಣ ಏನಾದ? ಪರಿಚಯದವನಾದ. ಅವನನ್ನು ಹಾಗೆ ಮಾಡಿದ್ದು ಮಳೆಯೇ? ಪಾಪ, ಮಳೆ ಏನು ಮಾಡಿತು! ಅದು ಬಂದಿತು, ಹೋಯಿತು.

ಸಾಹುಕಾರ ಮೆಟ್ಟಿಲು ಇಳಿದು ಮುಚ್ಚಿದ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತ. ಮೊರ ತೊಡೆಯ ಮೇಲೆ. ತಂಗಿಗೆ ಫೋನು ಮಾಡಿ 'ನಿನ್ನ ಮನೆ ಎಲ್ಲಿ' ಎಂದು ಕೇಳಿದರೆ ಅಲ್ಲಿಗೆ ಮುಗಿಯಿತು, ಬಾಗಿನ ವಾಪಸ್ ಬಂದಂತೆಯೇ. ಹೊತ್ತು ಐದೂಮುಕ್ಕಾಲು. ಅವನು ಪುಟ್ಟಮಾದಯ್ಯನಿಗೆ ಫೋನು ಮಾಡಿದ. ಆ ಕಡೆ ಪಾತ್ರೆಯ ಸದ್ದು, ಮಕ್ಕಳ ಗಲಾಟೆ, ಯಾರೋ ಹೆಂಗಸು 'ಇನ್ನೊಂದು ಹಾಕಿಸ್ಕೋ ಅಣ್ಣಾ' ಎನ್ನುತ್ತಿರುವುದು ಕೇಳಿಸಿತು.

"ಪುಟ್ಟಮಾದಯ್ಯ, ನಮ್ಮ ಅಂಬು ಮನೆ ಎಲ್ಲಿ?"

ಪುಟ್ಟಮಾದಯ್ಯ ನಗಲಿಲ್ಲ. ಅದು ಅವನ ದೊಡ್ಡತನ. "ಹಳೇ ಮನೆ ತಾವ ಇದ್ದೀರಾ ಸಾರ್? ಸರಿ. ಬೀದಿ ಕೊನೇಗೆ ಬನ್ನಿ. ರೈಲ್ವೆ ಗೇಟು ದಾಟಿ. ಎಡಕ್ಕೆ ಹಿಟ್ಟಿನ ಗಿರಣಿ, ಅದರ ಪಕ್ಕದ ರಸ್ತೆ. ನಾಲ್ಕನೇ ಮನೆ, ಹಸಿರು ಗೇಟು. ಮೈಲಿ ಆಯ್ತದೆ, ನಡೀಬೇಕು. ಬೆಲ್ಲು ಕೆಟ್ಟದೆ ಸಾರ್, ಒತ್ತಿ ಪ್ರಯೋಜನ ಇಲ್ಲ, ಬಾಗ್ಲು ಬಡೀರಿ. ಜೋರಾಗಿ ಬಡೀರಿ. ಅಕ್ಕಾವ್ರಿಗೆ ಎಡಗಿವಿ ಕೇಳ್ಸಕ್ಕಿಲ್ಲ."

"ಯಾವಾಗಿಂದ?"

"ಎರಡು ವರ್ಷ ಆಯ್ತಲ್ಲ ಸಾರ್."

ಎರಡು ವರ್ಷದಿಂದ ತಂಗಿ ಫೋನಿನಲ್ಲಿ 'ಆಂ? ಏನಂದೆ?' ಎಂದು ಎರಡೆರಡು ಸಲ ಕೇಳುತ್ತಿದ್ದಳು. ಇವನು ಮಳೆಗೆ ಸಿಗ್ನಲ್ಲು ಸರಿಯಿಲ್ಲ ಅಂದುಕೊಂಡಿದ್ದ.

ಸಾಹುಕಾರನ ಕಣ್ಣಲ್ಲಿ ನೀರು ಬಂತು. ಮಳೆಯಲ್ಲಿ ನೆನೆಯುವುದಕ್ಕೆ ಒಂದು ಅನುಕೂಲ ಇದೆ, ಕಣ್ಣೀರು ಯಾರಿಗೂ ತಿಳಿಯುವುದಿಲ್ಲ. ಎದ್ದು ನಡೆದ. ಅರವತ್ತೈದು ವರ್ಷದ ಮನುಷ್ಯ, ಮೊರವನ್ನು ಎದೆಗೆ ಅವಚಿಕೊಂಡು, ಆ ಮಳೆಯಲ್ಲಿ ಒಂದು ಮೈಲಿ ನಡೆದ. ರೈಲ್ವೆ ಗೇಟಿನ ತನಕ ಸುರಿಯುತ್ತಲೇ ಇತ್ತು. ಗೇಟು ದಾಟಿದ. ಮಳೆ ಇಲ್ಲ. ನಿಂತದ್ದಲ್ಲ, ಅಲ್ಲಿ ಬಂದೇ ಇರಲಿಲ್ಲ. ರಸ್ತೆ ಒಣಗಿತ್ತು, ಮನೆಮನೆಯ ಮುಂದೆ ರಂಗೋಲಿ ಹಾಕಿದ್ದು ಹಾಗೇ ಇತ್ತು, ಸಂಜೆಬಿಸಿಲು ಹಿಟ್ಟಿನ ಗಿರಣಿಯ ತಗಡಿನ ಮೇಲೆ ಬಿದ್ದಿತ್ತು. ನಮ್ಮೂರು ಹಾಗೆಯೇ ಅಲ್ಲವೇ?

ಹಸಿರು ಗೇಟು ತೆರೆದು ಬಾಗಿಲು ಬಡಿದ. ಜೋರಾಗಿ ಬಡಿದ. ಅಂಬುಜಾಕ್ಷಿ ತೆರೆದಳು, ಕೈಯಲ್ಲಿ ಬೆಂಕಿಪೊಟ್ಟಣ. ದೀಪ ಇನ್ನೂ ಹಚ್ಚಿರಲಿಲ್ಲ. ಹಚ್ಚೋಣವೋ ಬೇಡವೋ ಎಂದು ನಿಂತಿದ್ದವಳು ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಲ್ಲಿ ನೆನೆದ್ಯೋ? ಇಲ್ಲಿ ಒಂದು ಹನಿ ಬಿದ್ದಿಲ್ಲ!"

ಅವನು ಮೊರ ಮುಂದಕ್ಕೆ ಹಿಡಿದ. ಮೊರದ ಸಂದಿಯಿಂದ ಕುಂಕುಮದ ನೀರು ಹೊಸಿಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಂಬು, ಎಲ್ಲಾ ಹಾಳಾಗೋಯ್ತು ಕಣೆ. ಬೆಲ್ಲ ಕರಗೋಗಿದೆ. ರವಿಕೆ ಕಣಕ್ಕೆಲ್ಲ ಕುಂಕುಮ ಹತ್ತಿದೆ. ಇದು ಬೇಡ. ನಾಳೆ ಒಣಗಿರೋದು ಬೇರೆ ತರ್ತೀನಿ."

ಅವಳು ಬೆಂಕಿಪೊಟ್ಟಣ ಕಿಟಕಿಯ ಮೇಲಿಟ್ಟಳು. ಸೆರಗು ಮುಂದಕ್ಕೆ ಎಳೆದು ಎರಡೂ ಕೈಯಲ್ಲಿ ಮೊರ ಹಿಡಿದುಕೊಂಡಳು. ಹೊಸ ಸೀರೆಗೆ ಕೆಂಪು ಹತ್ತಿತು, ನೋಡಲಿಲ್ಲ.

"ಏಳು ವರ್ಷ ಒಣಗಿರೋದೇ ಬಂತು ಅಣ್ಣ. ನಂಗೆ ಇದೇ ಇರ್ಲಿ" ಎಂದಳು. ಆಮೇಲೆ ಅತ್ತಳು. ಅವನೂ ಅತ್ತ.

ಟವೆಲು ಕೊಟ್ಟಳು, ಭಾವನ ಪಂಚೆ ಕೊಟ್ಟಳು, ದೀಪ ಹಚ್ಚಿದಳು, ಎಲೆ ಹಾಕಿದಳು. ಎಲೆ ಅವಳ ಎಡಕ್ಕೆ ಬಿದ್ದಿತ್ತು. ಸಾಹುಕಾರ ಎದ್ದು, ಎಲೆಯನ್ನು ತಾನೇ ಎಳೆದುಕೊಂಡು ಅವಳ ಬಲಕ್ಕೆ ಬಂದು ಕೂತ. ಅವಳು ಅದನ್ನು ನೋಡಿದಳು. ಇನ್ನೊಂದು ಒಬ್ಬಟ್ಟು ಹಾಕಿದಳು. ಅವನು ಅಭ್ಯಾಸದಂತೆ, "ಆ ಕಡೆ ಮಳೆ ನೋಡು..." ಎಂದು ಶುರುಮಾಡಿದ.

"ಮಳೆ ವಿಷ್ಯ ಬಿಡೋ. ನೀನು ಹೇಗಿದ್ದೀಯ ಹೇಳು."

ಏಳು ವರ್ಷದ ಮೇಲೆ ಅಣ್ಣ ತಂಗಿ ಮಾತಾಡಿದರು. ಆ ರವಿಕೆ ಕಣದ ಕಲೆ ಎಷ್ಟು ಒಗೆದರೂ ಹೋಗಲಿಲ್ಲವಂತೆ. ಅವಳು ಅದನ್ನೇ ಹೊಲಿಸಿಕೊಂಡು ಮುಂದಿನ ಗೌರಿಗೆ ತೊಟ್ಟಳು. ಆ ವರ್ಷವೂ ಅಣ್ಣ ಬಂದ. ಮಳೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಅವರೂ ಹೇಳಲಿಲ್ಲ.

ಕಥೆ ಅವರದು ಮುಗಿಯಿತು. ಈಗ ನಿಮ್ಮದು.

ಹವೆ ತಿಳಿಗೊಂಡ ಮೇಲೆ ಹೋಗೋಣ ಎಂದು ನೀವು ಯಾರ ಮನೆಗೆ ಹೋಗದೆ ಕೂತಿದ್ದೀರಿ? ನನಗೆ ಹೇಳಬೇಡಿ, ನನಗೆ ಬೇಕಾಗಿಲ್ಲ. ನಿಮಗೆ ಗೊತ್ತು. ಅಕ್ಕನೋ, ತಮ್ಮನೋ, ಜಗಳವಾಡಿದ ಗೆಳೆಯನೋ. ಅವರ ಮನೆಯ ಬೆಲ್ಲು ಕೆಲಸ ಮಾಡುತ್ತದೆಯೇ, ಹೇಳಿ ನೋಡೋಣ? ಯಾವ ಕಿವಿ ಕೇಳಿಸುತ್ತದೆ? ಮಂಡಿ ಹೇಗಿದೆ? ಗೊತ್ತಿಲ್ಲ. ಆದರೆ ಅವರ ಕಡೆ ಬೆಳಿಗ್ಗೆ ಮೋಡ ಇತ್ತು ಎಂಬುದು ಗೊತ್ತು.

ನಾಳೆ ಬೆಳಿಗ್ಗೆ ಅವರಿಗೆ ಒಂದು ಫೋನು ಮಾಡಿ. 'ನಿಮ್ಮ ಕಡೆ ಮಳೆಯಾ' ಎಂದು ಕೇಳಕೂಡದು. ಇದೊಂದೇ ವ್ರತ, ಉಪವಾಸ ಬೇಡ. ಆ ಪ್ರಶ್ನೆ ತೆಗೆದುಬಿಟ್ಟರೆ ಬಾಯಿಗೆ ಬೇರೆ ಮಾತೇ ಬರುವುದಿಲ್ಲ, ಒಂದು ನಿಮಿಷ ಸುಮ್ಮನೆ ನಿಂತಿರುತ್ತೀರಿ. ನಿಂತಿರಿ. ನಾಚಿಕೆಯಾಗಲಿ. ಆಮೇಲೆ ವಿಳಾಸ ಕೇಳಿ ಬರೆದುಕೊಳ್ಳಿ, ಈ ಭಾನುವಾರ ಹೋಗಿ. ಕಳಿಸಬೇಡಿ, ಹೋಗಿ. ಕೈಯಲ್ಲಿರುವುದು ನೆನೆದರೆ ನೆನೆಯಲಿ. ಒಣಗಿದ್ದು ಅವರಿಗೆ ಬೇಕಾದಷ್ಟು ಬಂದಿದೆ.

ಸರಿ. ಹೊರಗೆ ಸುರಿಯುತ್ತಿದೆ, ನಿಮ್ಮ ಚಪ್ಪಲಿಯೆಲ್ಲ ಆಗಲೇ ತೇಲುತ್ತಿರಬೇಕು. ಯಾರೋ ಹಿಂದೆ ಪಿಸುಗುಟ್ಟಿದಿರಿ, ಸ್ವಲ್ಪ ನಿಲ್ಲಲಿ, ಆಮೇಲೆ ಏಳೋಣ ಎಂದು. ಇಷ್ಟು ಹೊತ್ತು ನಾನು ಏನು ಹೇಳಿದೆ ಹಾಗಾದರೆ? ಪ್ರಸಾದ ತೆಗೆದುಕೊಳ್ಳಿ, ಕೊಡೆ ಇದ್ದವರು ಬಿಚ್ಚಿ, ಇಲ್ಲದವರು ನೆನೆಯಿರಿ. ಏಳಿ, ಹೊರಡ್ತಾ ಇರಿ.